ಓಸಿಐ ಕಾರ್ಡುದಾರರು ಲೋಕಸಭೆಗೆ ಸ್ಪರ್ಧಿಸಬಹುದೇ?

ಆಸ್ಟ್ರೇಲಿಯಾದ ಪೌರತ್ವ ಪಡೆದು ಈಗ ಉಡುಪಿಗೆ ಮರಳಿರುವ ನಿಮ್ಮ ಭಾವನವರು ಓಸಿಐ ಕಾರ್ಡಿನ (ವಿದೇಶಿ ಪೌರತ್ವವಿರುವ ಭಾರತೀಯ ಮೂಲದವರಿಗೆ ಭಾರತ ಸರ್ಕಾರ ಕೊಡುವ ಕಾರ್ಡು) ಬಲದಿಂದ ಲೋಕಸಭೆಗೆ ಸ್ಪರ್ಧಿಸಬಹುದೇ ಎಂದು ಕೇಳಿದ್ದೀರಿ, ಸಾಧ್ಯವಿಲ್ಲ. ಆ ಕಾರ್ಡು ಮತದಾನದ ಹಕ್ಕನ್ನೂ ಕೊಡುವುದಿಲ್ಲ, ಸಂವಿಧಾನದ 102ನೆಯ ವಿಧಿಯಂತೂ ಸ್ವಇಚ್ಛೆಯಿಂದ ವಿದೇಶಿ ಪೌರತ್ವ ಪಡೆದವರನ್ನು ಅನರ್ಹಗೊಳಿಸುತ್ತದೆ. (ಭಾರತೀಯ ಪೌರರಾಗಿಯೇ ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ನಮ್ಮ ಕರಾವಳಿಯವರಿಗೆ ಈ ತೊಡಕಿಲ್ಲ.) ಆಸ್ಟ್ರೇಲಿಯಾದ ನಿಯಮವೂ ಕಠಿಣವೇ: ತಂದೆಯ ಮೂಲಕ ನ್ಯೂಜಿಲೆಂಡ್ ಪೌರತ್ವ ಹೊಂದಿದ್ದ ಉಪಪ್ರಧಾನಿ ಬಾರ್ನಬಿ ಜಾಯ್ಸ್ 2017ರಲ್ಲಿ ಸ್ಥಾನ ಕಳೆದುಕೊಂಡು, ಅದನ್ನು ತ್ಯಜಿಸಿದ ಬಳಿಕ ಉಪಚುನಾವಣೆಯಲ್ಲಿ ಮರಳಿ ಗೆದ್ದರು. ಹುಟ್ಟಿನಿಂದ ಬಂದ ಪೌರತ್ವಕ್ಕೆ ಅಂತಹ ದಂಡನೆ ಅತಿಯೆಂದೇ ನನ್ನ ಅಭಿಪ್ರಾಯ. ಆದರೆ ಬೇಕೆಂದೇ ಪ್ರಮಾಣ ಮಾಡಿ ಪಡೆದ ಪೌರತ್ವವನ್ನು ಉಳಿಸಿಕೊಂಡು ಇಲ್ಲಿ ಶಾಸನ ರಚಿಸುವುದು ಸರಿಯೆನಿಸದು. ಓಸಿಐ ನೋಂದಣಿಯಾಗಿ 5 ವರ್ಷ ಕಳೆದಿದ್ದು, ಅರ್ಜಿಗೆ ಮುನ್ನ 12 ತಿಂಗಳು ಭಾರತದಲ್ಲೇ ವಾಸವಿದ್ದರೆ ಅವರು ಭಾರತೀಯ ಪೌರತ್ವಕ್ಕೆ ಅರ್ಜಿ ಸಲ್ಲಿಸಬಹುದು.