ಭೂತಾನ್ ಗೇಟಿನಲ್ಲಿ ಈಗ ಏನೇನು ಕೇಳುತ್ತಾರೆ?

ದಸರಾ ರಜೆಗೆ ಭೂತಾನ್ ಹೊರಟಿರುವವರಿಂದ ಬಂದ ಪ್ರಶ್ನೆಗಳೇ ಈ ಸಲ ಹೆಚ್ಚು. ಅವುಗಳಲ್ಲಿ ನಾಲ್ಕನ್ನು ಆಯ್ದುಕೊಂಡಿದ್ದೇವೆ. ಕೊನೆಯ, ಐದನೆಯ ಪ್ರಶ್ನೆ ಮಾತ್ರ ಮಾಲ್ಡೀವ್ಸ್ ಬಗ್ಗೆ.

ನಾವು ಎಂಟು ಜನ ಹೊರಟಿದ್ದೇವೆ. ಕೊರೊನಾ ಲಸಿಕೆಯ ಸರ್ಟಿಫಿಕೇಟ್ ಯಾರ ಹತ್ತಿರವೂ ಇಲ್ಲ. ಹೋಗುವ ಮುಂಚೆ ಟೆಸ್ಟ್ ಮಾಡಿಸಬೇಕೆ?
– ಓದುಗರು, ಶಿರಾ

ಎರಡೂ ಬೇಡ. ಸರ್ಟಿಫಿಕೇಟ್ ಕೇಳುವುದಿಲ್ಲ, ಟೆಸ್ಟ್ ಇಲ್ಲ, ಕ್ವಾರಂಟೈನ್ ಇಲ್ಲ. ಟೆಸ್ಟಿನ ಹೆಸರಲ್ಲಿ ಯಾರಾದರೂ ಪ್ಯಾಕೇಜಿಗೆ ದುಡ್ಡು ಸೇರಿಸಿದ್ದರೆ ಆ ಸಾಲು ತೆಗೆಸಿಹಾಕಿ.

ಆಧಾರ್ ಸಾಕು ಅಂತ ಒಬ್ಬರು, ಪಾಸ್‌ಪೋರ್ಟ್ ಇಲ್ಲದೆ ಆಗಲ್ಲ ಅಂತ ಇನ್ನೊಬ್ಬರು. ಯಾವುದು ಸರಿ? ಮಕ್ಕಳಿಗೆ ಏನು ಒಯ್ಯಬೇಕು?
– ಓದುಗರು, ಗೌರಿಬಿದನೂರು

ಇಬ್ಬರದೂ ತಪ್ಪು. ಭಾರತೀಯರು ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ, ಎರಡರಲ್ಲಿ ಒಂದನ್ನು ತೋರಿಸಬೇಕು. ಆಧಾರ್, ಪ್ಯಾನ್, ಡ್ರೈವಿಂಗ್ ಲೈಸೆನ್ಸ್ ನಡೆಯುವುದಿಲ್ಲ. ಪಾಸ್‌ಪೋರ್ಟ್ ಆದರೆ ಅದರ ಅವಧಿ ಕನಿಷ್ಠ ಆರು ತಿಂಗಳು ಬಾಕಿ ಇರಬೇಕು. ಇಲ್ಲಿ ಸಿಕ್ಕಿಬೀಳುವುದು ಮಕ್ಕಳು: ದೊಡ್ಡವರ ಪಾಸ್‌ಪೋರ್ಟ್ 10 ವರ್ಷದ್ದು, ಮಕ್ಕಳದ್ದು ಸಾಮಾನ್ಯವಾಗಿ 5 ವರ್ಷ. ಅಪ್ಪ-ಅಮ್ಮ ತಮ್ಮದರ ತಾರೀಖು ನೋಡಿ ನಿಶ್ಚಿಂತೆಯಿಂದ ಇದ್ದುಬಿಡುತ್ತಾರೆ.

ಪಾಸ್‌ಪೋರ್ಟ್ ಇಲ್ಲದ ಮಕ್ಕಳಿಗೆ ಇಂಗ್ಲಿಷ್‌ನಲ್ಲಿರುವ ಜನನ ಪ್ರಮಾಣಪತ್ರ ಬೇಕು. ಹಳೆಯದು ಕೈಬರಹದಲ್ಲಿ, ಬರೀ ಕನ್ನಡದಲ್ಲಿ ಇದ್ದರೆ ನೋಂದಣಿಯಾದ ಕಡೆಯೇ ಹೋಗಿ ಇ-ಜನ್ಮ ತಂತ್ರಾಂಶದ ಹೊಸ ಪ್ರತಿ ತೆಗೆಸಿ. ಮಕ್ಕಳು ಅಜ್ಜಿ-ತಾತನ ಜೊತೆಗೋ ಮಾವನ ಜೊತೆಗೋ ಹೊರಟಿದ್ದರೆ ತಂದೆ-ತಾಯಿ ಸಹಿ ಮಾಡಿದ ಒಪ್ಪಿಗೆ ಪತ್ರವನ್ನೂ ಅವರ ಗುರುತಿನ ಚೀಟಿಯ ನಕಲನ್ನೂ ಇಟ್ಟುಕೊಳ್ಳಿ.

ನಮ್ಮ ಕಡೆಯವರಿಗೆ ನಿಜವಾದ ರಗಳೆ ಇನಿಷಿಯಲ್‌ನದ್ದು. ವೋಟರ್ ಐಡಿಯಲ್ಲಿ 'ವೆಂಕಟೇಶಪ್ಪ ಎನ್'. ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕಾದ್ದರಿಂದ 'ವೆಂಕಟೇಶಪ್ಪ ನಾರಾಯಣಪ್ಪ'. ಟಿಕೆಟ್ ಬುಕ್ ಮಾಡುವ ಮಗ ಸರ್‌ನೇಮ್ ಕಾಲಂ ಖಾಲಿ ಬಿಡಲಾಗದೆ 'ಗೌಡ' ಅಂತ ತುಂಬಿರುತ್ತಾನೆ. ಒಬ್ಬರೇ ಮನುಷ್ಯ ಕಾಗದದಲ್ಲಿ ಮೂವರಾದರು! ಆದ್ದರಿಂದ ಮೊದಲು ಯಾವ ದಾಖಲೆ ಒಯ್ಯುತ್ತೀರಿ ಎಂದು ತೀರ್ಮಾನಿಸಿ. ಅದರಲ್ಲಿರುವ ಹೆಸರನ್ನೇ, ಅಕ್ಷರಕ್ಕೆ ಅಕ್ಷರ, ಭೂತಾನ್ ಪ್ರವೇಶದ ಪರ್ಮಿಟ್ ಅರ್ಜಿ, ವಿಮಾನ, ಹೋಟೆಲ್, ವಿಮೆ ಎಲ್ಲಕ್ಕೂ ಕೊಡಿ. 'ನಾರಾಯಣಸ್ವಾಮಿ' ಒಂದೇ ಪದವೋ, 'ನಾರಾಯಣ ಸ್ವಾಮಿ' ಎರಡು ಪದವೋ ಅನ್ನುವುದನ್ನೂ ನೋಡಿ. ವೋಟರ್ ಐಡಿ ತಿದ್ದುಪಡಿಗೆ ಫಾರಂ 8 ಕೊಡಬೇಕು. ಅದು ವಾರದಲ್ಲಿ ಮುಗಿಯುವ ಕೆಲಸವಲ್ಲ, ಟಿಕೆಟ್ ತೆಗೆಯುವ ಮುಂಚೆಯೇ ಶುರುಮಾಡಿ.

ಭೂಮಾರ್ಗವಾದರೆ ಪಶ್ಚಿಮ ಬಂಗಾಳದ ಬಾಗ್ಡೋಗ್ರಾವರೆಗೆ ವಿಮಾನ, ಅಲ್ಲಿಂದ ಟ್ಯಾಕ್ಸಿಯಲ್ಲಿ ಗಡಿಯ ಊರು ಜೈಗಾಂವ್. ಗೇಟು ದಾಟಿದರೆ ಭೂತಾನಿನ ಫುಂಟ್‌ಶೋಲಿಂಗ್. ಭೂತಾನಿನ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಮುಂದು, ಪರ್ಮಿಟ್ ಕೊಡುವ ಕಚೇರಿಯೂ ಅಷ್ಟು ಬೇಗ ಮುಚ್ಚುತ್ತದೆ. ಬೆಂಗಳೂರಿಂದ ಹೊರಟ ದಿನವೇ ಒಳಗೆ ಹೋಗುತ್ತೇವೆ ಅನ್ನುವ ಲೆಕ್ಕ ಬೇಡ. ಪ್ರವೇಶ ಪರ್ಮಿಟ್ ಸಾಮಾನ್ಯವಾಗಿ ಥಿಂಫು, ಪಾರೋಗೆ ಮಾತ್ರ. ಪುನಾಖಾ ಕಡೆಗೆ ಬೇರೆ ಅನುಮತಿ, ಜೊತೆಗೆ ಗೈಡ್ ಬೇಕು.

ತಲೆಗೆ ರಾತ್ರಿಗೆ 1,200 ರೂಪಾಯಿ 'ಕೊರೊನಾ ಟ್ಯಾಕ್ಸ್' ಅಂತ ಏಜೆಂಟ್ ಕೇಳುತ್ತಿದ್ದಾರೆ. 2018ರಲ್ಲಿ ನಮ್ಮ ಅಣ್ಣ ಹೋದಾಗ ಇರಲಿಲ್ಲ.
– ಓದುಗರು, ಮಾಲೂರು

ದುಡ್ಡು ನಿಜ, ಹೆಸರು ಸುಳ್ಳು. ಅದು ಭೂತಾನ್ ಸರ್ಕಾರ ಪ್ರವಾಸಿಗರಿಗೆ ಹಾಕುವ ಸುಸ್ಥಿರ ಅಭಿವೃದ್ಧಿ ಶುಲ್ಕ. ಭಾರತೀಯರಿಗೂ ವಿಧಿಸುವ ಕಾನೂನು 2020ರ ಆರಂಭದಲ್ಲೇ ಆಗಿತ್ತು. ಜಾರಿಗೆ ಬರುವ ಮುಂಚೆ ಗಡಿಯೇ ಮುಚ್ಚಿತು. 2022ರ ಸೆಪ್ಟೆಂಬರ್ 23ರಂದು ಗಡಿ ತೆರೆದಾಗ ಶುಲ್ಕವೂ ಬಂತು, ಜನ ಎರಡನ್ನೂ ಗಂಟುಹಾಕಿದರು. ಬೇರೆ ಬಹುತೇಕ ದೇಶದವರಿಗೆ ಇದು 100 ಡಾಲರ್, ಆ ಲೆಕ್ಕದಲ್ಲಿ ನಮ್ಮದು ಅಗ್ಗವೇ.

6ರಿಂದ 12 ವರ್ಷದ ಮಕ್ಕಳಿಗೆ ಅರ್ಧ, 5 ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಇಲ್ಲ. ಗಂಡ, ಹೆಂಡತಿ, 9 ಮತ್ತು 4 ವರ್ಷದ ಮಕ್ಕಳು, ಐದು ರಾತ್ರಿ ಅಂದುಕೊಳ್ಳಿ: ದೊಡ್ಡವರಿಗೆ 12,000, ಒಂಬತ್ತರ ಮಗುವಿಗೆ 3,000, ಒಟ್ಟು 15,000 ರೂಪಾಯಿ. ಹೋಟೆಲ್, ಊಟ, ಗಾಡಿ ಇದರಲ್ಲಿ ಸೇರಿಲ್ಲ. ಏಜೆಂಟ್ ಕಟ್ಟುವುದಾದರೆ ನಿಮ್ಮ ಹೆಸರಿನ ರಸೀದಿ ಕೇಳಿ. ಲೆಕ್ಕ ರಾತ್ರಿಗೆ ತಾನೆ? ಮೊದಲ ರಾತ್ರಿ ಭಾರತದ ಕಡೆ, ಜೈಗಾಂವ್‌ನಲ್ಲೇ ತಂಗಿ ಬೆಳಿಗ್ಗೆ ಒಳಗೆ ಹೋದರೆ ಅಷ್ಟು ಉಳಿತಾಯ.

ನಮ್ಮ ರೂಪಾಯಿಗೂ ಅಲ್ಲಿನ ಙುಲ್ಟ್ರಮ್‌ಗೂ ಒಂದೇ ಬೆಲೆ. 100ರ ನೋಟಿಗಿಂತ ದೊಡ್ಡ ನೋಟುಗಳು ತಲೆಗೆ 25,000 ರೂಪಾಯಿ ಮೀರಬಾರದು.

ಕೊರೊನಾ ಥರದ್ದು ಮತ್ತೆ ಬಂದು ಗಡಿ ಮುಚ್ಚಿದರೆ ಕಟ್ಟಿದ ದುಡ್ಡಿನ ಗತಿ ಏನು? ಒಳಗೇ ಸಿಕ್ಕಿಹಾಕಿಕೊಂಡರೆ?
– ಓದುಗರು, ಚಿಂತಾಮಣಿ

ಭೂತಾನ್ ಮುಚ್ಚಿದರೆ ಗಟ್ಟಿಯಾಗಿಯೇ ಮುಚ್ಚುತ್ತದೆ, ಅದಂತೂ ಹೌದು. 2020ರ ಮಾರ್ಚ್ 6ರಂದು ಮೊದಲ ಸೋಂಕು ಪ್ರಕಟವಾಯಿತು, ಅಸ್ಸಾಂ ಮೂಲಕ ಬಂದಿದ್ದ ಅಮೆರಿಕದ ಪ್ರವಾಸಿಗೆ. ಅಂದೇ ಪ್ರವಾಸಿಗರಿಗೆ ಬಾಗಿಲು ಹಾಕಿದರು, ಅದೇ ತಿಂಗಳು ಭೂಗಡಿಯನ್ನೂ ಮುಚ್ಚಿದರು. ಬೇರೆ ಕಡೆ 14 ದಿನದ ಕ್ವಾರಂಟೈನ್ ಇದ್ದಾಗ ಅಲ್ಲಿ 21 ದಿನ. ಪ್ರವಾಸಿಗರಿಗೆ ಮತ್ತೆ ತೆರೆದದ್ದು ಎರಡೂವರೆ ವರ್ಷದ ಮೇಲೆ. ಕಾರಣ ಸರಳ: ಇಡೀ ದೇಶದ ಜನಸಂಖ್ಯೆ ನಿಮ್ಮ ಚಿಕ್ಕಬಳ್ಳಾಪುರ ಜಿಲ್ಲೆಗಿಂತ ಕಡಿಮೆ, ಐಸಿಯು ನಡೆಸಬಲ್ಲ ವೈದ್ಯರು ಬೆರಳೆಣಿಕೆ. ಕಾಯಿಲೆ ಒಳಗೆ ಬಂದಮೇಲೆ ನಿಭಾಯಿಸುವ ಶಕ್ತಿ ಇಲ್ಲದಿದ್ದರೆ ಗೇಟಿನಲ್ಲೇ ತಡೆಯಬೇಕು. ಬಡಾವಣೆಗಟ್ಟಲೆ ಸುತ್ತಿದ ನಮ್ಮ ಸೀಲ್‌ಡೌನ್‌ಗಿಂತ ಅದು ನೆಟ್ಟಗೆ ನಡೆಯಿತು ಅನ್ನಲೇಬೇಕು.

ದುಡ್ಡಿನ ವಿಷಯದಲ್ಲಿ ಬಹಳ ಜನಕ್ಕೆ ಹೊಳೆಯದ ಸಂಗತಿ ಇದು: ಭೂತಾನ್ ಮುಚ್ಚಿದರೂ ಬೆಂಗಳೂರು–ಬಾಗ್ಡೋಗ್ರಾ ವಿಮಾನ ಎಂದಿನಂತೆ ಹಾರುತ್ತದೆ. ಆಗ ವಿಮಾನ ಕಂಪನಿಯ ಲೆಕ್ಕದಲ್ಲಿ ರದ್ದು ಮಾಡಿದವರು ನೀವು. 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಡಿಸಿದ ಮರುಪಾವತಿ ಆ ಲಾಕ್‌ಡೌನಿನ ಟಿಕೆಟ್‌ಗಳಿಗೆ ಸಂಬಂಧಿಸಿದ್ದು, ಮುಂದಿನ ಸಲಕ್ಕೆ ಅದನ್ನು ನೆಚ್ಚಬೇಡಿ. ತಾರೀಖು ಬದಲಿಸಬಹುದಾದ ಟಿಕೆಟ್ ತೆಗೆಯಿರಿ. ಹೋಟೆಲ್ ಮುಂಗಡ ಎಷ್ಟು, ಗಡಿ ಮುಚ್ಚಿದರೆ ಎಷ್ಟು ವಾಪಸ್ ಅನ್ನುವುದನ್ನು ಬಾಯಿಮಾತಲ್ಲಿ ಬಿಡದೆ ವಾಟ್ಸಾಪಿನಲ್ಲಾದರೂ ಬರೆಸಿಕೊಳ್ಳಿ. ವಿಮೆ ಇದೆ ಅಂದಮಾತ್ರಕ್ಕೆ ಎಲ್ಲ ಸಿಗುವುದಿಲ್ಲ. ಆಸ್ಪತ್ರೆ ಖರ್ಚು ಕೊಡುವ ಪಾಲಿಸಿ, ಸರ್ಕಾರ ಗಡಿ ಮುಚ್ಚಿದ ನಷ್ಟವನ್ನು ಹೊರಗಿಟ್ಟಿರಬಹುದು. ಯಾವುದಕ್ಕೆ ಕೊಡುವುದಿಲ್ಲ ಎಂದು ಬರೆದಿರುವ ಪುಟವನ್ನೇ ಮೊದಲು ಓದಿ.

ಬಿಪಿ, ಶುಗರ್ ಮಾತ್ರೆ ಹತ್ತು ದಿನಕ್ಕೆ ಹೆಚ್ಚಿಗೆ ಇರಲಿ, ವೈದ್ಯರ ಚೀಟಿಯ ಸಮೇತ. ಸಾಂಕ್ರಾಮಿಕ ಬಾರದಿದ್ದರೂ ಫುಂಟ್‌ಶೋಲಿಂಗ್–ಥಿಂಫು ರಸ್ತೆಯಲ್ಲಿ ಮಳೆಗಾಲದ ಗುಡ್ಡ ಕುಸಿತಕ್ಕೆ ದಾರಿ ನಿಂತರೆ ಆಗಲೂ ಇವೇ ಕೆಲಸಕ್ಕೆ ಬರುತ್ತವೆ.

ಮಗಳು-ಅಳಿಯ ಮಾಲ್ಡೀವ್ಸ್‌ಗೆ ಹೊರಟಿದ್ದಾರೆ. ಆನ್‌ಲೈನ್ ಆರೋಗ್ಯ ಫಾರಂಗೆ ದುಡ್ಡು ಕಟ್ಟಬೇಕೆ?
– ಓದುಗರು, ತಿಪಟೂರು

ಬೇಡ. ಅದರ ಹೆಸರು 'ಇಮುಗಾ'. ಕೊರೊನಾ ಹೋದರೂ ಅದು ಉಳಿದಿದೆ. ಪ್ರಯಾಣದ ಹಿಂದಿನ 96 ಗಂಟೆಯೊಳಗೆ ಮಾಲ್ಡೀವ್ಸ್ ವಲಸೆ ಇಲಾಖೆಯ ತಾಣದಲ್ಲಿ ಉಚಿತವಾಗಿ ತುಂಬಬಹುದು. ದುಡ್ಡು ಕೇಳುವ ತಾಣಗಳು ದಲ್ಲಾಳಿಗಳವು. ಹೋಗುವಾಗ ಒಮ್ಮೆ, ಬರುವಾಗ ಇನ್ನೊಮ್ಮೆ ತುಂಬಬೇಕು. ಪಾಸ್‌ಪೋರ್ಟ್, ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್ ಕೈಯಲ್ಲಿರಲಿ. ಪೂಜೆಯ ವಿಗ್ರಹ ಒಯ್ಯುವುದಕ್ಕೆ ಅಲ್ಲಿ ನಿಷೇಧವಿದೆ, ಬ್ಯಾಗಿನಲ್ಲಿ ಪುಟ್ಟ ಗಣಪನನ್ನು ಇಟ್ಟು ಕಳಿಸಬೇಡಿ. ತಿಪಟೂರಿನಿಂದ ಹೊರಟವರು ಬೆಂಗಳೂರು ನಗರದೊಳಗೆ ನುಗ್ಗದೆ ದಾಬಸ್‌ಪೇಟೆಯಲ್ಲಿ ತಿರುಗಿ, ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರಲಿ.