ಬೆಂಗಳೂರಿನಿಂದ ಒಂದೇ ದಿನದಲ್ಲಿ 22 ಜನ ಜಲಪಾತ ನೋಡಿ, ನದಿಗೂ ಇಳಿದು ಬರಲು ಹೇಗೆ ಯೋಜಿಸಬೇಕು?

ನೀವು ಕೇಳಿರುವುದು ಇಷ್ಟು: ಆಫೀಸಿನ 22 ಜನ, ಬೆಳಿಗ್ಗೆ ಹೊರಟು ರಾತ್ರಿ ಮನೆ ಸೇರಬೇಕು. ಜಲಪಾತ ನೋಡಬೇಕು, ನೀರಲ್ಲಿ ಆಡಬೇಕು. ಪಟ್ಟಿಯಲ್ಲಿ ಮೇಕೆದಾಟು, ಚುಂಚಿ, ಮುತ್ತತ್ತಿ, ಶಿವನಸಮುದ್ರ, ತಲಕಾಡು, ಬಲಮುರಿ ಎಂದು ಆರು ಹೆಸರು. ಆರನ್ನೂ ಹಿಡಿದರೆ ನೀವು ನೋಡುವುದು ಮುಂದಿನ ಸೀಟಿನವರ ತಲೆ ಮಾತ್ರ. ಶಿವನಸಮುದ್ರ ಮತ್ತು ತಲಕಾಡು ಇಟ್ಟುಕೊಳ್ಳಿ, ಸಮಯ ಉಳಿದರೆ ಸೋಮನಾಥಪುರ. ಉಳಿದದ್ದಕ್ಕೆ ಗೀಟು ಹಾಕಿ.

ಅದಕ್ಕಿಂತ ಮುಂಚೆ ಒಂದು ವಿಷಯ ನಿಮ್ಮ ತಂಡಕ್ಕೆಲ್ಲ ತಿಳಿದಿರಬೇಕು. ಕಾವೇರಿಯಲ್ಲಿ ಜಲಪಾತ ನೋಡುವ ಕಾಲ ಬೇರೆ, ನೀರಿಗಿಳಿಯುವ ಕಾಲ ಬೇರೆ. ಜುಲೈ–ಆಗಸ್ಟ್‌ನಲ್ಲಿ ಶಿವನಸಮುದ್ರದ ಗಗನಚುಕ್ಕಿ ಜಲಪಾತ ಭೋರ್ಗರೆಯುತ್ತಿದ್ದರೆ ತಲಕಾಡಿನಲ್ಲಿ ಮೊಣಕಾಲು ನೆನೆಸುವುದೂ ತಪ್ಪು. ಏಪ್ರಿಲ್‌ನಲ್ಲಿ ತಲಕಾಡಿನ ಮರಳಲ್ಲಿ ಮಕ್ಕಳು ಆಡುತ್ತಿದ್ದರೆ ಗಗನಚುಕ್ಕಿಯಲ್ಲಿ ಬಂಡೆಯೇ ಹೆಚ್ಚು, ನೀರು ನಾಲ್ಕೆಳೆ. ಎರಡೂ ಬೇಕೆಂದರೆ ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಆರಂಭದವರೆಗೆ ಸ್ವಲ್ಪ ಅವಕಾಶವಿದೆ. ಅದೂ ಎಲ್ಲ ವಾರಗಳಲ್ಲೂ ಅಲ್ಲ.

ಎಷ್ಟು ನೀರಿದೆ ಎಂಬುದನ್ನು ಬೆಂಗಳೂರಿನ ಮಳೆ ನೋಡಿ ಊಹಿಸಬೇಡಿ. ಶಿವನಸಮುದ್ರಕ್ಕೆ ಬರುವುದು ಮುಖ್ಯವಾಗಿ ಎರಡು ಅಣೆಕಟ್ಟು ಬಿಟ್ಟ ನೀರು: ಕನ್ನಂಬಾಡಿ (ಕೆಆರ್‌ಎಸ್) ಮತ್ತು ಕಬಿನಿ. ಕಬಿನಿ ತಿ. ನರಸೀಪುರದಲ್ಲಿ ಕಾವೇರಿ ಸೇರುತ್ತದೆ, ಅಲ್ಲಿಂದ ಕೆಳಗೆ ತಲಕಾಡು, ಆಮೇಲೆ ಶಿವನಸಮುದ್ರ. ಹಾಗಾಗಿ ಪತ್ರಿಕೆಯ ಜಲಾಶಯ ಮಟ್ಟದ ಪಟ್ಟಿಯಲ್ಲಿ ಎರಡರ ಹೊರಹರಿವನ್ನೂ ಕೂಡಿಸಿ ನೋಡಿ. ಕನ್ನಂಬಾಡಿಯ ಹೊರಹರಿವಿನಲ್ಲಿ ನಾಲೆಗೆ ಬಿಟ್ಟದ್ದೂ ಸೇರಿರಬಹುದು, ನಿಮಗೆ ಬೇಕಾದದ್ದು ನದಿಗೆ ಬಿಟ್ಟ ಅಂಕಿ. ನನ್ನ ಅಂದಾಜಿನ ಲೆಕ್ಕ ಇದು: ಎರಡೂ ಸೇರಿ ಐದು ಸಾವಿರ ಕ್ಯೂಸೆಕ್‌ಗಿಂತ (ಸೆಕೆಂಡಿಗೆ ಹರಿಯುವ ಘನ ಅಡಿ) ಕಡಿಮೆಯಿದ್ದರೆ ಜಲಪಾತ ಸಪ್ಪೆ, ಇಪ್ಪತ್ತು ಸಾವಿರ ದಾಟಿದರೆ ನೋಡಲು ಭರ್ಜರಿ, ಲಕ್ಷದ ಹತ್ತಿರ ಹೋದರೆ ಪ್ರವೇಶ ನಿಷೇಧದ ಆದೇಶ ಬರುತ್ತದೆ. ಕನ್ನಂಬಾಡಿಯಲ್ಲಿ ಇವತ್ತು ಬಿಟ್ಟ ನೀರು ಶಿವನಸಮುದ್ರ ಮುಟ್ಟಲು ಹೆಚ್ಚೂ ಕಡಿಮೆ ಒಂದು ದಿನ ಬೇಕು, ಆದ್ದರಿಂದ ಶನಿವಾರದ ಪ್ರವಾಸಕ್ಕೆ ಶುಕ್ರವಾರದ ಅಂಕಿಯೇ ಮುಖ್ಯ.

ಬೇಸಿಗೆಯಲ್ಲಿ ನದಿಯಲ್ಲಿ ನೀರಿದ್ದೂ ಜಲಪಾತ ಒಣಗಿರುವುದಕ್ಕೆ ಕಾರಣ ವಿದ್ಯುತ್. ಕೋಲಾರದ ಚಿನ್ನದ ಗಣಿಗೆ 1902ರಲ್ಲಿ ಕರೆಂಟು ಕಳಿಸಿದ ಹಳೆಯ ಶಿವನಸಮುದ್ರ ಸ್ಥಾವರ ಇಲ್ಲೇ ಇದೆ. ಸುತ್ತಲಿನವರು ಆ ಜಾಗವನ್ನು ಬ್ಲಫ್ ಎನ್ನುತ್ತಾರೆ. ನದಿಯ ನೀರು ಮೊದಲು ನಾಲೆ ಹಿಡಿದು ಅಲ್ಲಿಗೆ ಹೋಗುತ್ತದೆ, ಮಿಕ್ಕಿದ್ದು ಜಲಪಾತಕ್ಕೆ. ಮಿಗುವಷ್ಟು ಇಲ್ಲದಾಗ ನೀವು ಫೋಟೊದಲ್ಲಿ ನೋಡಿದ್ದು ಅಲ್ಲಿರುವುದಿಲ್ಲ.

ಇನ್ನು ವಾಹನ. 22 ಜನಕ್ಕೆ 26 ಸೀಟಿನ ಟೆಂಪೊ ಟ್ರಾವೆಲರ್ ಸಿಕ್ಕರೆ ಸಾಕು. 17 ಸೀಟಿನದರಲ್ಲಿ ‘ಅಡ್ಜಸ್ಟ್ ಮಾಡ್ಕೋತೀವಿ’ ಎಂದರೆ ಹಿಂದಿನ ಸಾಲಿನವರು ಕನಕಪುರದ ಹೊತ್ತಿಗೆ ಜಗಳಕ್ಕೆ ನಿಲ್ಲುತ್ತಾರೆ, ಊಟದ ಡಬ್ಬಿಗಳಿಗೂ ಜಾಗವಿರುವುದಿಲ್ಲ. ಹಳದಿ ಬೋರ್ಡಿನ ಗಾಡಿಯೇ ಆಗಲಿ, ಎಫ್‌ಸಿ (ಗಾಡಿಯ ಅರ್ಹತಾ ಪತ್ರ) ಮತ್ತು ವಿಮೆಯ ಪ್ರತಿ ವಾಟ್ಸಾಪ್‌ನಲ್ಲಿ ಮೊದಲೇ ತರಿಸಿಕೊಳ್ಳಿ. ಬಾಡಿಗೆ ಮಾತಾಡುವಾಗ ಕಿ.ಮೀ. ದರವೊಂದನ್ನೇ ಕೇಳಿ ಸುಮ್ಮನಾಗಬೇಡಿ. ದಿನಕ್ಕೆ ಕನಿಷ್ಠ ಎಷ್ಟು ಕಿ.ಮೀ. ಹಾಕುತ್ತಾರೆ, ಲೆಕ್ಕ ಅವರ ಶೆಡ್ಡಿನಿಂದ ಶೆಡ್ಡಿಗೋ ನೀವು ಹತ್ತಿದಲ್ಲಿಂದಲೋ, ಚಾಲಕನ ಬಾಟಾ (ದಿನಭತ್ಯೆ), ಟೋಲ್, ಪಾರ್ಕಿಂಗ್ ಯಾರದು, ರಾತ್ರಿ ಹತ್ತು ದಾಟಿದರೆ ಹೆಚ್ಚುವರಿ ಎಷ್ಟು, ಇದೆಲ್ಲ ಬರಹದಲ್ಲಿರಲಿ. ಈ ಸುತ್ತು ಒಟ್ಟು 320ರಿಂದ 340 ಕಿ.ಮೀ. ಆಗುತ್ತದೆ. ತಲೆಗಿಷ್ಟು ಎಂದು ಭಾಗಿಸಿದ ಮೇಲೆ ಶೇ. 10 ಸೇರಿಸಿ, ಹಣ ಮೂರು ದಿನ ಮೊದಲೇ ವಸೂಲಿ ಮಾಡಿ. ಕೊನೆ ಗಳಿಗೆಯಲ್ಲಿ ಬರದವರಿಗೆ ಊಟದ ದುಡ್ಡು ವಾಪಸ್, ಸೀಟಿನದ್ದು ಇಲ್ಲ ಎಂದು ಮುಂಚೆಯೇ ಹೇಳಿಬಿಟ್ಟರೆ ಅರ್ಧ ತಲೆನೋವು ಕಡಿಮೆ.

ಹತ್ತಿಸಿಕೊಳ್ಳುವ ಜಾಗ ಮೂರಕ್ಕಿಂತ ಹೆಚ್ಚು ಬೇಡ. ಬನಶಂಕರಿ, ಕೋಣನಕುಂಟೆ ಕ್ರಾಸ್, ರೇಷ್ಮೆ ಸಂಸ್ಥೆ, ಮೂರೂ ಕನಕಪುರ ರಸ್ತೆಯಲ್ಲೇ ಇವೆ, ಹಸಿರು ಮಾರ್ಗದ ಮೆಟ್ರೊ ನಿಲ್ದಾಣಗಳೂ ಹೌದು. ಆದರೆ ಭಾನುವಾರ ಹೋಗುವುದಾದರೆ ಮೆಟ್ರೊ ನೆಚ್ಚಬೇಡಿ, ಅವತ್ತು ಮೊದಲ ರೈಲು ಬೆಳಿಗ್ಗೆ ಏಳಕ್ಕೆ. ನೀವು ಬನಶಂಕರಿ ಬಿಡಬೇಕಾದದ್ದು ಆರಕ್ಕೆ. ಗುಂಪಿಗೆ ಹೇಳುವಾಗ ಐದೂವರೆ ಎಂದೇ ಹೇಳಿ.

ದಾರಿ ಹೀಗೆ: ಹಾರೋಹಳ್ಳಿ, ಕನಕಪುರ, ಸಾತನೂರು, ಹಲಗೂರು, ಮಳವಳ್ಳಿ. ಕನಕಪುರದಲ್ಲಿ ಏಳೂವರೆಗೆ ತಿಂಡಿ, ಮುಕ್ಕಾಲು ಗಂಟೆ. 22 ಜನ ಒಟ್ಟಿಗೆ ಕೂತು ಒಬ್ಬೊಬ್ಬರು ಒಂದೊಂದು ದೋಸೆ ಹೇಳಿದರೆ ಒಂದೂವರೆ ಗಂಟೆ ಹೋಯಿತೆಂದೇ ತಿಳಿಯಿರಿ. ಗಾಡಿಯಲ್ಲೇ ಎಣಿಸಿ, ಇಡ್ಲಿ–ವಡೆ ಇಷ್ಟು, ಖಾರಾಬಾತ್ ಇಷ್ಟು ಎಂದು ಹೋಟೆಲಿಗೆ ಮೊದಲೇ ಫೋನ್ ಮಾಡಿ.

ಒಂಬತ್ತೂಮುಕ್ಕಾಲಿಗೆ ಗಗನಚುಕ್ಕಿ. ಚಾಲಕನಿಗೆ ‘ಮಳವಳ್ಳಿ ಕಡೆಯ ವೀಕ್ಷಣಾ ಗೋಪುರ’ ಎಂದು ಬಿಡಿಸಿ ಹೇಳಬೇಕು. ಇನ್ನೊಂದು ದಾರಿ ದ್ವೀಪದೊಳಗಿನ ದರ್ಗಾ ಬಳಿಗೆ ಹೋಗುತ್ತದೆ. ಅಲ್ಲಿ ನೀವು ಜಲಪಾತದ ನೆತ್ತಿಯ ಬಂಡೆಗಳ ಪಕ್ಕದಲ್ಲಿರುತ್ತೀರಿ, ಜಾರಿ ಬಿದ್ದು ಸತ್ತವರು ಬಹಳ ಮಂದಿ. ನೋಟವೂ ಗೋಪುರದ ಕಡೆಯಿಂದಲೇ ಚೆನ್ನ, ಜಲಪಾತ ಇಡಿಯಾಗಿ ಎದುರಿಗೆ ನಿಲ್ಲುತ್ತದೆ. ಇಲ್ಲಿ ಮುಕ್ಕಾಲು ಗಂಟೆ ಸಾಕು, ಯಾಕೆಂದರೆ ನೋಡುವುದು ಬಿಟ್ಟು ಮಾಡುವುದೇನೂ ಇಲ್ಲ. ಮಂಗಗಳಿವೆ. ಪ್ಲಾಸ್ಟಿಕ್ ಕವರಿನ ಸದ್ದು ಕೇಳಿದರೆ ಬರುತ್ತವೆ, ಕೈಯಲ್ಲಿದ್ದದ್ದು ಕಿತ್ತುಕೊಳ್ಳುತ್ತವೆ. ಚಿಪ್ಸ್ ಗಾಡಿಯಲ್ಲೇ ಇರಲಿ, ಕಿಟಕಿ ಮುಚ್ಚಿರಲಿ.

ಶಿವನಸಮುದ್ರದ ಇನ್ನೊಂದು ಜಲಪಾತ ಭರಚುಕ್ಕಿ ಹಕ್ಕಿ ಹಾರುವ ದೂರದಲ್ಲಿ ಹತ್ತಿರ, ರಸ್ತೆಯಲ್ಲಿ ಸೇತುವೆ ಸುತ್ತಿ ಅರ್ಧ ಗಂಟೆ. ಕಾವೇರಿ ಇಲ್ಲಿ ಎರಡು ಕವಲಾಗುತ್ತದೆ, ಗಗನಚುಕ್ಕಿ ಮಂಡ್ಯ ಜಿಲ್ಲೆಗೆ ಸೇರಿದೆ, ಭರಚುಕ್ಕಿ ಚಾಮರಾಜನಗರಕ್ಕೆ. ಇದು ಬರಿಯ ಭೂಗೋಳವಲ್ಲ: ಪ್ರವಾಹದ ಸಮಯದಲ್ಲಿ ಎರಡು ಜಿಲ್ಲಾಡಳಿತಗಳು ಬೇರೆ ಬೇರೆ ಆದೇಶ ಹೊರಡಿಸುತ್ತವೆ, ಒಂದು ತೆರೆದಿದ್ದು ಇನ್ನೊಂದು ಮುಚ್ಚಿರಬಹುದು. ಎರಡನ್ನೂ ವಿಚಾರಿಸಿ. ಭರಚುಕ್ಕಿಯಲ್ಲಿ ಕೆಳಗಿಳಿಯಲು ಇನ್ನೂರಕ್ಕೂ ಹೆಚ್ಚು ಮೆಟ್ಟಿಲಿವೆ. ನೀರು ಹೆಚ್ಚಿದ್ದಾಗ ಇಳಿಯಲು ಬಿಡುವುದಿಲ್ಲ, ಮೇಲಿನಿಂದಲೇ ನೋಡಬೇಕು. ಬಿಟ್ಟರೆ, ಮಂಡಿನೋವಿನವರು ಇಳಿಯುವ ಮುಂಚೆ ಹತ್ತುವುದನ್ನು ನೆನೆಯಲಿ. ನೀರು ಕಡಿಮೆಯಿದ್ದಾಗ ತೆಪ್ಪದವರು ಜಲಪಾತದ ಬುಡದ ಕಡೆ ಕರೆದೊಯ್ಯುವುದುಂಟು. ಲೈಫ್ ಜಾಕೆಟ್ ಇಲ್ಲದ ತೆಪ್ಪ ಹತ್ತಬೇಡಿ, ಜಾಕೆಟ್ ಇದ್ದರೂ ಬಕಲ್ ಹಾಕದಿದ್ದರೆ ನೀರಲ್ಲಿ ಅದು ಕುತ್ತಿಗೆಯಿಂದ ಕಳಚಿ ತನ್ನ ಪಾಡಿಗೆ ತೇಲಿಹೋಗುತ್ತದೆ. ತೆಪ್ಪದಲ್ಲಿ ಸೆಲ್ಫಿಗೆಂದು ಎಲ್ಲರೂ ಒಂದೇ ಬದಿಗೆ ವಾಲಿದರೆ ಅದು ಮಗುಚಬಹುದು.

ಮಧ್ಯಾಹ್ನ ಒಂದೂವರೆಗೆ ತಲಕಾಡು. ಊಟ ಕಟ್ಟಿಕೊಂಡು ಹೋಗುವುದೇ ಲೇಸು. 22 ಜನಕ್ಕೆ ಒಂದೂಮುಕ್ಕಾಲು ಕೆ.ಜಿ. ಅಕ್ಕಿಯ ಪುಳಿಯೋಗರೆ, ಒಂದು ಕೆ.ಜಿ. ಅಕ್ಕಿಯ ಮೊಸರನ್ನ ಸಾಕಾಗಿ ಸ್ವಲ್ಪ ಮಿಗುತ್ತದೆ. ಮೊಸರನ್ನಕ್ಕೆ ಬೆಳಿಗ್ಗೆಯೇ ಪೂರ್ತಿ ಮೊಸರು ಕಲೆಸಿದರೆ ಮಧ್ಯಾಹ್ನಕ್ಕೆ ಹುಳಿ ಹುಳಿ. ಅನ್ನ ಮೆತ್ತಗೆ ಮಾಡಿ ಹಿಸುಕಿ, ಉಗುರುಬೆಚ್ಚಗಾದ ಮೇಲೆ ಎರಡು ಲೀಟರ್ ಹಾಲು ಹಾಕಿ, ಒಂದು ಲೋಟ ಮೊಸರು ಮಾತ್ರ ಬೆರೆಸಿ. ದಾರಿಯಲ್ಲಿ ತಾನಾಗಿ ಹೆಪ್ಪುಗಟ್ಟುತ್ತದೆ. ಕುಡಿಯುವ ನೀರು 20 ಲೀಟರಿನ ಮೂರು ಕ್ಯಾನ್. ಖಾಲಿಯಾದ ಕ್ಯಾನು ಬಿಸಾಡಬೇಡಿ, ಅದರ ಕೆಲಸ ಮುಂದೆ ಹೇಳುತ್ತೇನೆ. ನದಿ ದಡದ ಮೀನಿನ ಆಸೆಯಿದ್ದವರು ನಿಮ್ಮ ಕಣ್ಣೆದುರೇ ಕರಿದದ್ದು ತಿನ್ನಲಿ, ಬೆಳಿಗ್ಗೆಯೇ ಕರಿದಿಟ್ಟದ್ದು ಬೇಡ.

ಚಾಲಕ ಎದ್ದು ಆ ಹೊತ್ತಿಗೆ ಎಂಟು ತಾಸಿಗೂ ಹೆಚ್ಚಾಗಿರುತ್ತದೆ, ಇನ್ನೂ ಸುಮಾರು ಎಂಟು ತಾಸು ಬಾಕಿ. ನೀವು ನದಿಯಲ್ಲಿರುವ ಎರಡು ತಾಸು ಅವನು ಮಲಗಬೇಕು. ಅವನನ್ನು ‘ಬನ್ನಿ ಅಣ್ಣಾ, ಒಂದು ಫೋಟೊ ತೆಗೀರಿ’ ಎಂದು ಓಡಾಡಿಸಬೇಡಿ.

ಈಗ ನೀರಿನ ವಿಚಾರ. ಇದನ್ನು ಸ್ವಲ್ಪ ಉದ್ದವಾಗಿ ಹೇಳುತ್ತೇನೆ. ನದಿ ಬಾಗುವಲ್ಲಿ ಒಳಮಗ್ಗುಲಲ್ಲಿ ಮರಳು ಕೂರುತ್ತದೆ, ಹೊರಮಗ್ಗುಲನ್ನು ಪ್ರವಾಹ ಕೊರೆದು ಮಡು ಮಾಡುತ್ತದೆ. ಅಲಮೇಲಮ್ಮನ ಶಾಪ ಎಂದು ಎಲ್ಲರೂ ಹೇಳುವ ಮಾತಿನಲ್ಲೂ ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ ಎಂದೇ ಇದೆ. ಮಾಲಂಗಿ ಆಚೆ ದಡ. ಶಾಪ ನಂಬದವರೂ ಮಡು ನಂಬಬೇಕು. ತಲಕಾಡಿನ ಈಚೆ ದಡದಲ್ಲಿ ಮರಳು ಹರಡಿರುವ, ತಳ ಕಾಣುವ ಕಡೆ, ಸೊಂಟದ ಕೆಳಗೆ, ದಡದಿಂದ ಹತ್ತು ಹೆಜ್ಜೆಯೊಳಗೆ ಮಾತ್ರ ಇರಿ. ಮರಳಿನ ತಳ ಸಮವಾಗಿರುವುದಿಲ್ಲ. ಮರಳು ತೆಗೆದ ಗುಂಡಿಯ ಅಂಚಿನಲ್ಲಿ ಕಾಲಿಟ್ಟರೆ ಅಂಚೇ ಕುಸಿಯುತ್ತದೆ, ಮೊಣಕಾಲುದ್ದದ ನೀರು ಒಂದೇ ಹೆಜ್ಜೆಗೆ ತಲೆ ಮುಳುಗುವಷ್ಟಾಗುತ್ತದೆ. ನದಿಯಲ್ಲಿ ಸತ್ತವರಲ್ಲಿ ಈಜು ಬರುವವರೂ ಇರುವುದು ಇದಕ್ಕೇ: ಈಜುಕೊಳದಲ್ಲಿ ಕಲಿತ ಈಜಿಗೆ ಸೆಳವು ಗೊತ್ತಿಲ್ಲ. ಸೆಳವಿಗೆ ಸಿಕ್ಕವರು ಎದುರು ಈಜಿದರೆ ಎರಡು ನಿಮಿಷದಲ್ಲಿ ಸೋಲುತ್ತಾರೆ, ನೀರಿನ ಜೊತೆ ಹೋಗುತ್ತ ಓರೆಯಾಗಿ ದಡದ ಕಡೆ ಬರಬೇಕು.

ಮುತ್ತತ್ತಿಯನ್ನು ಪಟ್ಟಿಯಿಂದ ತೆಗೆದದ್ದಕ್ಕೂ ಕಾರಣ ಇದೇ. ಅದು ವಿದ್ಯುತ್ ಸ್ಥಾವರಗಳ ಕೆಳಗಿದೆ. ಮಳೆ ಇಲ್ಲದ ದಿನವೂ ಮೇಲಿನಿಂದ ನೀರು ಬಿಟ್ಟರೆ ನಡುವಿನ ಬಂಡೆಯ ಮೇಲೆ ಕೂತವರು ಅಲ್ಲೇ ಸಿಕ್ಕಿಬೀಳುತ್ತಾರೆ. ತಿಳಿನೀರು ಇದ್ದಕ್ಕಿದ್ದಂತೆ ಕದಡಿದರೆ, ಕಸ ಕಡ್ಡಿ ತೇಲಿಬಂದರೆ, ಚಪ್ಪಲಿ ಬಿಟ್ಟ ಜಾಗಕ್ಕೆ ನೀರು ಬಂದರೆ ಯೋಚಿಸುತ್ತ ನಿಲ್ಲದೆ ಮೇಲೆ ಬನ್ನಿ. ಚುಂಚಿಯ ಬಂಡೆ ಪಾಚಿಯಿಂದ ಜಾರುತ್ತದೆ. ಮೇಕೆದಾಟಿಗೆ ಸಂಗಮದಲ್ಲಿ ಅರ್ಕಾವತಿ ದಾಟಬೇಕು, ನೀರು ಹೆಚ್ಚಿದ್ದಾಗ ದಾಟಿಸುವುದಿಲ್ಲ, ನೀವು ಸಂಗಮದಿಂದಲೇ ವಾಪಸ್.

ನೀರಿಗಿಳಿಯುವ ಮುಂಚೆ ಇಬ್ಬಿಬ್ಬರ ಜೋಡಿ ಮಾಡಿ, ಜೋಡಿಯವರು ಒಬ್ಬರನ್ನೊಬ್ಬರು ನೋಡಿಕೊಳ್ಳಬೇಕು. ಇಬ್ಬರು ನೀರಿಗಿಳಿಯದೆ ದಡದಲ್ಲಿ ನಿಂತು ಹತ್ತು ನಿಮಿಷಕ್ಕೊಮ್ಮೆ ತಲೆ ಎಣಿಸಲಿ, ಮೊಬೈಲು ಜೇಬಿನಲ್ಲಿರಲಿ. ಕುಡಿದವರಿಗೆ ನೀರಿಲ್ಲ. ಮ್ಯಾನೇಜರ್ ಆದರೂ ಇಲ್ಲ. ಜೀನ್ಸ್ ನೆನೆದರೆ ಭಾರವಾಗಿ ಕಾಲು ಹಿಡಿಯುತ್ತದೆ, ತೆಳು ಬಟ್ಟೆ ಇರಲಿ. ಬೆರಳು ದಪ್ಪದ ನೈಲಾನ್ ಹಗ್ಗ 15 ಮೀಟರ್ ತನ್ನಿ, ಊಟದಲ್ಲಿ ಖಾಲಿಯಾದ 20 ಲೀಟರ್ ಕ್ಯಾನಿನ ಬಾಯಿ ಭದ್ರವಾಗಿ ಮುಚ್ಚಿ ಟೇಪು ಸುತ್ತಿ, ಕುತ್ತಿಗೆಗೆ ಹಗ್ಗದ ಒಂದು ತುದಿ ಕಟ್ಟಿ ದಡದಲ್ಲಿಡಿ. ಯಾರಾದರೂ ಕೊಚ್ಚಿಹೋದರೆ ಹಿಂದೆ ಹಾರಬೇಡಿ. ಮುಳುಗುವವರು ಬಿಗಿಯಾಗಿ ಅಪ್ಪಿ ಇಬ್ಬರನ್ನೂ ಮುಳುಗಿಸುತ್ತಾರೆ. ಕ್ಯಾನನ್ನು ಅವರ ಕೈಗೆ ಸಿಗುವಂತೆ ಎಸೆಯಿರಿ. ಅದನ್ನು ಎದೆಗೆ ಅವುಚಿದರೆ ತಲೆ ಮೇಲಿರುತ್ತದೆ. ಅಷ್ಟರಲ್ಲಿ ಇನ್ನೊಬ್ಬರು 112ಕ್ಕೆ ಕರೆ ಮಾಡಿ, ತೆಪ್ಪದವರನ್ನು ಕೂಗಲಿ.

ನಾಲ್ಕಕ್ಕೆ ತಲಕಾಡು ಬಿಟ್ಟರೆ ಐದರೊಳಗೆ ಸೋಮನಾಥಪುರ. ಐದೂವರೆಗೆ ಬಾಗಿಲು ಹಾಕುತ್ತಾರೆ. 13ನೇ ಶತಮಾನದ ಈ ಕೇಶವ ದೇವಾಲಯ 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು, ಅರ್ಧ ಗಂಟೆಯಲ್ಲಿ ನೋಡಿ ಮುಗಿಸುವಂಥದ್ದಲ್ಲ. ನದಿಯಲ್ಲಿ ತಡವಾದರೆ ಬಿಟ್ಟುಬಿಡಿ, ಆ ಸಮಯವನ್ನು ತಲಕಾಡಿನ ಕೀರ್ತಿನಾರಾಯಣ, ವೈದ್ಯೇಶ್ವರ ಗುಡಿಗಳಿಗೆ ಕೊಡಿ. ಅಲ್ಲಿ ಮರಳಲ್ಲಿ ನಡೆಯಬೇಕು, ಬಿಸಿಲಿನ ದಿನ ಮರಳು ಕಾದಿರುತ್ತದೆ.

ವಾಪಸ್ ಬನ್ನೂರು, ಶ್ರೀರಂಗಪಟ್ಟಣ ಹಿಡಿದು ಮೈಸೂರು ಎಕ್ಸ್‌ಪ್ರೆಸ್‌ವೇ ಸೇರಬಹುದು, ಇಲ್ಲವೇ ಬಂದ ದಾರಿಯಲ್ಲೇ. ತಂಡದಲ್ಲಿ ಯಾರಾದರೂ ಬೈಕಿನಲ್ಲಿ ಬರುತ್ತಿದ್ದರೆ ಅವರಿಗೆ ಕನಕಪುರ ರಸ್ತೆಯೇ ಗತಿ, 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇಯಲ್ಲಿ ಬೈಕುಗಳಿಗೆ ಪ್ರವೇಶವಿಲ್ಲ. ಆರಕ್ಕೆ ಹೊರಟರೆ ಒಂಬತ್ತು, ಒಂಬತ್ತೂವರೆಗೆ ಬೆಂಗಳೂರು.

ಹಿಂದಿನ ದಿನ ರಾತ್ರಿ ಎಂಟಕ್ಕೆ ಕೊನೆಯ ಸಲ ಹೊರಹರಿವು ನೋಡಿ, ಎರಡೂ ಜಿಲ್ಲೆಗಳ ಆದೇಶ ವಿಚಾರಿಸಿ ತೀರ್ಮಾನಿಸಿ. ಜಲಪಾತ ಮುಚ್ಚಿದ್ದರೆ ಪ್ರವಾಸ ರದ್ದು ಮಾಡುವುದು ಬೇಡ. ಸುತ್ತನ್ನು ತಿರುಗಿಸಿ: ಮೈಸೂರು ರಸ್ತೆಯಲ್ಲಿ ಹೋಗಿ ಬಿಡದಿಯಲ್ಲಿ ತಟ್ಟೆ ಇಡ್ಲಿ, ಶ್ರೀರಂಗಪಟ್ಟಣದ ಕೋಟೆ ಮತ್ತು ರಂಗನಾಥ, ಮಧ್ಯಾಹ್ನ ಬಿಡುವಾಗಿ ಸೋಮನಾಥಪುರ. ರಂಗನತಿಟ್ಟಿನ ದೋಣಿಯನ್ನು ಮಾತ್ರ ಇದರಲ್ಲಿ ಸೇರಿಸಬೇಡಿ. ಕನ್ನಂಬಾಡಿಯಿಂದ ಜೋರಾಗಿ ನೀರು ಬಿಟ್ಟ ದಿನ ಅದೂ ನಿಂತಿರುತ್ತದೆ.