ಗುಂಪು ಮಾಡಿದರೂ ಇಬ್ಬರೇ ಬರೆಯುತ್ತಾರೆ, ಏನು ಮಾಡಲಿ?

ಪ್ರಶ್ನೆ: ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ತರಗತಿಯಲ್ಲಿ 48 ಮಕ್ಕಳಿದ್ದಾರೆ. ಗುಂಪು ಚಟುವಟಿಕೆ ಕೊಟ್ಟಾಗಲೆಲ್ಲ ಇಬ್ಬರು ಚಾರ್ಟ್ ಬರೆಯುತ್ತಾರೆ, ಉಳಿದವರು ಹರಟುತ್ತಾರೆ. ಮಕ್ಕಳಿಗೇ ಬಿಟ್ಟರೆ ಒಂದೇ ಓಣಿಯವರು ಒಟ್ಟಾಗುತ್ತಾರೆ, ಕೆಲವರನ್ನು ಯಾರೂ ಕರೆಯುವುದಿಲ್ಲ. ಈ ಪದ್ಧತಿಯನ್ನು ಕೈಬಿಡಲೇ?
ಒಬ್ಬ ಶಿಕ್ಷಕಿ, ಕೊಪ್ಪಳ ಜಿಲ್ಲೆ

ಉತ್ತರ: ದಯವಿಟ್ಟು ಕೈಬಿಡಬೇಡಿ, ಕೊಡುವ ಕೆಲಸವನ್ನು ಬದಲಿಸಿ. ಒಬ್ಬರೇ ಮುಗಿಸಬಹುದಾದ ಚಾರ್ಟನ್ನು ನಾಲ್ವರ ಕೈಗೆ ಕೊಟ್ಟರೆ ಚುರುಕಾದವರು ಬರೆಯುತ್ತಾರೆ, ಉಳಿದವರಿಗೆ ಮಾಡಲು ಏನೂ ಉಳಿಯುವುದಿಲ್ಲ. ಯಾರನ್ನೂ ಹೊರಗಿಟ್ಟು ಮುಗಿಸಲಾಗದಂತಹ ಕೆಲಸವನ್ನು ನಾವು ಯೋಚಿಸಿ ಕೊಡಬೇಕು.

1971ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿ, ಅದುವರೆಗೆ ಪ್ರತ್ಯೇಕವಾಗಿ ಓದುತ್ತಿದ್ದ ಬಿಳಿಯ, ಕಪ್ಪು ಹಾಗೂ ಮೆಕ್ಸಿಕನ್ ಮೂಲದ ಮಕ್ಕಳು ಒಂದೇ ತರಗತಿಗೆ ಬಂದಾಗ ಶಾಲೆಗಳಲ್ಲಿ ಜಗಳಗಳು ಹೆಚ್ಚಿದವು. ಮನಶ್ಶಾಸ್ತ್ರಜ್ಞ ಎಲಿಯಟ್ ಆರನ್ಸನ್ ಮತ್ತು ಅವರ ಸಂಗಡಿಗರು ಆಗ ರೂಪಿಸಿದ ಜಿಗ್ಸಾ ವಿಧಾನದಲ್ಲಿ ಪಾಠದ ಒಂದೊಂದು ಭಾಗ ಒಂದೊಂದು ಮಗುವಿನ ಬಳಿ ಮಾತ್ರ ಇರುತ್ತದೆ. ಆ ಮಗುವಿನ ಮಾತಿಗೆ ಕಿವಿಗೊಡದಿದ್ದರೆ ನಷ್ಟ ಉಳಿದವರಿಗೇ. ನಿಮ್ಮ ಓಣಿಯ ಸಮಸ್ಯೆಗೂ ಇದೇ ತಕ್ಕ ಮದ್ದೆಂದು ನಾನು ನಂಬುತ್ತೇನೆ.

ಕರ್ನಾಟಕದ ಪ್ರಾಕೃತಿಕ ವಿಭಾಗಗಳ ಪಾಠವನ್ನೇ ತೆಗೆದುಕೊಳ್ಳಿ. ಕಲಿಕೆಯ ಮಟ್ಟ, ಓಣಿ, ಹುಡುಗ ಹುಡುಗಿ ಎಲ್ಲ ಬೆರೆಯುವಂತೆ ನೀವೇ ನಾಲ್ವರ 12 ಗುಂಪುಗಳನ್ನು ಮಾಡಿ, ಪ್ರತಿ ಗುಂಪಿನಲ್ಲಿ ಒಬ್ಬರಿಗೆ ಕರಾವಳಿ, ಒಬ್ಬರಿಗೆ ಮಲೆನಾಡು, ಒಬ್ಬರಿಗೆ ಉತ್ತರ ಮೈದಾನ, ಒಬ್ಬರಿಗೆ ದಕ್ಷಿಣ ಮೈದಾನ ಕೊಡಿ. ಮೊದಲು ಒಂದೇ ಭಾಗ ಸಿಕ್ಕವರು ನಾಲ್ವರಂತೆ ಕೂಡಿ ಓದಿ, ಹೇಗೆ ವಿವರಿಸಬೇಕೆಂದು ಚರ್ಚಿಸಲಿ. ಓದಲು ತಡವರಿಸುವ ಮಗುವಿಗೆ ಇಲ್ಲಿಯೇ ಆಸರೆ ಸಿಗುತ್ತದೆ, ಆದ್ದರಿಂದ ಈ ಹಂತಕ್ಕೆ ಅವಸರ ಬೇಡ. ಬಳಿಕ ತಮ್ಮ ತಮ್ಮ ಗುಂಪಿಗೆ ಮರಳಿ ಪರಸ್ಪರ ಕಲಿಸಲಿ. ಕೊನೆಗೆ ಎಲ್ಲ ಭಾಗಗಳೂ ಬೇಕಾಗುವ ಪ್ರಶ್ನೆ ಕೇಳಿ: ಕಡಲ ಕಡೆಯಿಂದ ಬರುವ ಮೋಡಗಳು ಆಗುಂಬೆಯಲ್ಲಿ ಅಷ್ಟು ಮಳೆ ಸುರಿಸಿಯೂ ಚಳ್ಳಕೆರೆಯನ್ನು ಏಕೆ ಒಣಗಿಸಿಬಿಡುತ್ತವೆ, ಮಳೆ ಕಡಿಮೆಯಿರುವ ವಿಜಯಪುರದ ಎರೆಭೂಮಿಯಲ್ಲಿ ಹಿಂಗಾರಿ ಜೋಳ ಹೇಗೆ ಬೆಳೆಯುತ್ತದೆ? ಘಟ್ಟ, ಮಳೆ ನೆರಳು, ತೇವ ಹಿಡಿದಿಡುವ ಕಪ್ಪು ಮಣ್ಣು ಎಂದು ನಾಲ್ವರ ಮಾತೂ ಸೇರಿದರೆ ಮಾತ್ರ ಉತ್ತರ ಪೂರ್ಣವಾಗುತ್ತದೆ.

ಇದಕ್ಕೆ ಎರಡು ಪೀರಿಯಡ್ ಬೇಕು. ಬೆಂಚು ಎಳೆದಾಡುವ ಅಗತ್ಯವಿಲ್ಲ. ಮುಂದಿನ ಸಾಲಿನವರು ಹಿಂದಕ್ಕೆ ತಿರುಗಿ ಕುಳಿತರೆ ಸಾಕು. ಸದ್ದು ಇದ್ದೇ ಇರುತ್ತದೆ, ಮುಖ್ಯ ಶಿಕ್ಷಕರಿಗೆ ಮೊದಲೇ ತಿಳಿಸಿಬಿಡಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ, ಕೆಳ ತರಗತಿಗಳ ಚಟುವಟಿಕೆ ಆಧಾರಿತ ಪದ್ಧತಿಯಾದ ನಲಿ-ಕಲಿಯ ತಟ್ಟೆಗಳಲ್ಲಿ, ಅಂದರೆ ಕಲಿಕಾ ಗುಂಪುಗಳಲ್ಲಿ ಕುಳಿತು, ಶಿಕ್ಷಕರಿಂದಲೂ ಜೊತೆಯವರಿಂದಲೂ ಕಲಿತು ಬಂದ ಮಕ್ಕಳು ನಿಮ್ಮಲ್ಲೂ ಇರಬಹುದು; ಮೇಲಿನ ತರಗತಿಗಳಲ್ಲಿ ಆ ರೂಢಿಯನ್ನು ನಾವು ತಪ್ಪಿಸಿಬಿಡುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಪ್ರಶ್ನೆ: ಮಗಳು ಚೆನ್ನಾಗಿ ಓದುತ್ತಾಳೆ. ಶಾಲೆಯಲ್ಲಿ ಇಡೀ ಗುಂಪಿಗೆ ಒಂದೇ ಅಂಕ ಕೊಡುವುದರಿಂದ ಅವಳ ಅಂಕ ಇಳಿದಿದೆ. ಬೇರೆಯವರಿಗೆ ಹೇಳಿಕೊಟ್ಟು ಅವಳಿಗೇನು ಲಾಭ?
ಒಬ್ಬ ಪೋಷಕರು, ಮೈಸೂರು

ಉತ್ತರ: ಅಂಕದ ಬಗ್ಗೆ ನಿಮ್ಮ ಆಕ್ಷೇಪ ಸರಿಯಾಗಿದೆ. ಕಲಿಕೆ ಗುಂಪಿನಲ್ಲಿ ನಡೆಯಲಿ, ಪರೀಕ್ಷೆಯನ್ನು ಪ್ರತಿ ಮಗುವೂ ಒಬ್ಬೊಬ್ಬರಾಗಿಯೇ ಬರೆಯಲಿ. ಸಹಕಾರಿ ಕಲಿಕೆಯ ಸಂಶೋಧಕ ರಾಬರ್ಟ್ ಸ್ಲಾವಿನ್ ರೂಪಿಸಿದ ಕ್ರಮದಲ್ಲಿ, ಪ್ರತಿ ಮಗು ತನ್ನದೇ ಹಿಂದಿನ ಸರಾಸರಿಗಿಂತ ಎಷ್ಟು ಮೇಲೇರಿತೆಂಬುದನ್ನು ನೋಡಿ ಗುಂಪಿಗೆ ಪಾಯಿಂಟ್ ಕೊಡುತ್ತಾರೆ. ಆ ಪಾಯಿಂಟ್ ಗುಂಪನ್ನು ಮೆಚ್ಚಲು ಬಳಕೆಯಾಗುತ್ತದೆ, ಪ್ರಗತಿ ಪತ್ರದ ಅಂಕವನ್ನು ಕೆಡಿಸುವುದಿಲ್ಲ. ಇದನ್ನು ಮಗಳ ಶಿಕ್ಷಕರಿಗೆ ವಿನಯದಿಂದ ಸೂಚಿಸಿ ನೋಡಿ.

ಆದರೆ ಹೇಳಿಕೊಡುವುದನ್ನು ತಡೆಯಬೇಡಿ. ಗುಂಪಿನಲ್ಲಿ ಮಕ್ಕಳ ಮಾತುಕತೆಯನ್ನು ಅಧ್ಯಯನ ಮಾಡಿದ ನೊರೀನ್ ವೆಬ್ ಅವರು, ಬಿಡಿಸಿ ವಿವರಿಸುವ ಮಕ್ಕಳು ತಾವೂ ಹೆಚ್ಚು ಕಲಿಯುತ್ತಾರೆಂದೂ, ಬರಿಯ ಉತ್ತರ ಪಡೆದವರಿಗೆ ಅದರಿಂದ ಪ್ರಯೋಜನವಾಗುವುದಿಲ್ಲವೆಂದೂ ಕಂಡುಕೊಂಡರು. ಆದ್ದರಿಂದ ಗೆಳತಿ ಲೆಕ್ಕ ಕೇಳಿದಾಗ ನೋಟ್‌ಬುಕ್ ಕೊಟ್ಟು ಕೈತೊಳೆದುಕೊಳ್ಳದೆ, ಎಲ್ಲಿ ತಪ್ಪಿತೆಂದು ಕೇಳಿ, ಮುಂದಿನ ಹಂತವನ್ನು ಅವಳಿಂದಲೇ ಮಾಡಿಸುವಂತೆ ಮಗಳಿಗೆ ಹೇಳಿ.